ತಪ್ಪು ಯಾರದು?



ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಾಗ ಪರಿಚಯದ ತಾಯಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ಅವರ ಮಗನಿಗೆ ಹೆಣ್ಣುಮಕ್ಕಳತ್ತ ಮನಸ್ಸಿಲ್ಲ, ಗಂಡಸರತ್ತಲೇ ಆಕರ್ಷಣೆ. ಅವನೇ ಅಳುತ್ತಾ ಹೇಳಿಕೊಂಡಿದ್ದನಂತೆ. "ಅಂವ ಸಣ್ಣಾಂವ ಇದ್ದಾಗ ಅವರಪ್ಪ ದುಡಿಯಾಕ ಪುಣೆಗೆ ಹೋಗಿದ್ರು ಫಾದರ್. ನಾನೇ ಬೆಳಸಿದ್ದು. ನಂದೇ ತಪ್ಪೇನ್ರಿ?" (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಇದನ್ನೇ: ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ? ಇಬ್ಬರೂ ಅಲ್ಲವೆಂದರು ಸ್ವಾಮಿ (ಯೊವಾನ್ನ 9). ಈ ಒಲವು ಕುರುಡಿನಂಥ ಊನವೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಒಂದೇ ಆಗಿರುವುದು ಪ್ರಶ್ನೆ ಮಾತ್ರ.

ವಿಜ್ಞಾನಿಗಳು ಇದರ ಮೂಲವನ್ನು ಬಹಳ ಹುಡುಕಿದ್ದಾರೆ. 1991ರಲ್ಲಿ ಬೇಲಿ ಮತ್ತು ಪಿಲ್ಲಾರ್ಡ್ ಅವಳಿ ಗಂಡುಮಕ್ಕಳನ್ನು ಅಧ್ಯಯನ ಮಾಡಿದರು. ಒಂದೇ ಅಂಡದ ಅವಳಿಗಳಲ್ಲಿ ಒಬ್ಬನಿಗೆ ಈ ಒಲವಿದ್ದರೆ ಇನ್ನೊಬ್ಬನಿಗೂ ಇದ್ದದ್ದು ಶೇ. 52ರಷ್ಟು, ಬೇರೆ ಅಂಡದವರಲ್ಲಿ ಶೇ. 22. ನಂತರದ ಅಧ್ಯಯನಗಳಲ್ಲಿ ಈ ಪ್ರಮಾಣ ಇಳಿಯಿತು. 2019ರಲ್ಲಿ 4.7 ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರೀಕ್ಷಿಸಿದಾಗ ಇದಕ್ಕೆ ಒಂದೇ ವಂಶವಾಹಿ ಕಾರಣವಲ್ಲ, ಅನೇಕವುಗಳ ಸಣ್ಣ ಸಣ್ಣ ಪ್ರಭಾವವಿದೆ ಎಂದು ಕಂಡಿತು. ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಕೆನಡಾದ ಬೊಗಾರ್ಟ್ 2006ರಲ್ಲಿ ಪ್ರಕಟಿಸಿದ ಸಂಗತಿ. ಒಡಹುಟ್ಟಿದ ಅಣ್ಣಂದಿರು ಹೆಚ್ಚಿದ್ದಷ್ಟೂ ತಮ್ಮನಲ್ಲಿ ಈ ಒಲವಿನ ಸಾಧ್ಯತೆ ತುಸು ಹೆಚ್ಚುತ್ತದೆ; ಆ ಅಣ್ಣಂದಿರು ಬೇರೆ ಮನೆಯಲ್ಲಿ ಬೆಳೆದಿದ್ದರೂ ಅಷ್ಟೇ. ದತ್ತು ಅಥವಾ ಮಲ ಅಣ್ಣಂದಿರೊಡನೆ ಬೆಳೆದರೆ ಹಾಗಾಗುವುದಿಲ್ಲ. ಅಂದರೆ ಇದು ಗರ್ಭದಲ್ಲಿ ನಡೆಯುವ ಸಂಗತಿ, ಸಾಕಿದ ರೀತಿಯದಲ್ಲ. ತಂದೆ ಪುಣೆಯಲ್ಲಿದ್ದರೆ ಮಗ ಹೀಗಾಗುತ್ತಾನೆಂದು ಯಾವ ಅಧ್ಯಯನವೂ ತೋರಿಸಿಲ್ಲ.

1992ರ ಕಥೋಲಿಕ ಧರ್ಮೋಪದೇಶವೂ ಇದರ ಮೂಲ ಬಹುಮಟ್ಟಿಗೆ ತಿಳಿಯದೆಂದು ಒಪ್ಪುತ್ತದೆ. ನಡತೆಯ ಕುರಿತ ಧರ್ಮಸಭೆಯ ಬೋಧನೆ ಬದಲಾಗಿಲ್ಲ, ನಿಜ. ಆದರೆ ಇಂಥವರನ್ನು ಗೌರವದಿಂದ, ಕರುಣೆಯಿಂದ ಬರಮಾಡಿಕೊಳ್ಳಬೇಕೆಂಬುದೂ ಅದೇ ಬೋಧನೆ. ಅದನ್ನು ಮಾತ್ರ ನಾವು ಎಷ್ಟು ಬೇಗ ಮರೆಯುತ್ತೇವೆ!

"ಮದುವಿ ಮಾಡಿದ್ರ ಸರಿ ಹೋಗ್ತಾನಂತ ಮಂದಿ ಅಂತಾರ್ರಿ. ಕಲ್ಯಾಣದಾಗ ಹೆಣ್ಣು ನೋಡೇವಿ" ಎಂದರು ಆ ತಾಯಿ. ಹುಟ್ಟಿನಿಂದ ಯಾರನ್ನೂ ಅಳೆಯಬೇಡಿರೆಂದು 12ನೇ ಶತಮಾನದಲ್ಲಿ ಶರಣರು ಸಾರಿದ ಕಲ್ಯಾಣ ಅದು! ಏನೂ ಅರಿಯದ ಆ ಹುಡುಗಿಯ ಬಾಳು ನೆನೆದು ನನ್ನೆದೆ ನಡುಗಿತು. ಬದಲಾಯಿಸುತ್ತೇವೆಂದು ಹೇಳುವ ವೈದ್ಯರ ಹತ್ತಿರವೂ ಕರೆದೊಯ್ಯಬೇಡಿ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಅಂಥ ಚಿಕಿತ್ಸೆಯನ್ನು ವೃತ್ತಿದೋಷವೆಂದಿದೆ ಎಂದು ತಿಳಿಸಿದೆ.

ಅಷ್ಟರಲ್ಲಿ ಬಸ್ಸು ಬಂತು. "ಆ ಹುಡುಗಿ ಮನಿಗೆ ಇವತ್ತೇ ಹೋಗಿ ಬ್ಯಾಡ ಅಂತ ಹೇಳಿಬರ್ರಿ ಅಮ್ಮಾ, ನಾನೂ ಜೋಡಿ ಬರ್ತೀನಿ" ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.