ಮುನ್ನರಿವು ಯಾರ ಸೊತ್ತು?

ಬರಲಿರುವುದನ್ನು ಮುಂಚಿತವಾಗಿ ತಿಳಿಯಬೇಕೆಂಬುದು ಮಾನವನ ಬಹು ಹಳೆಯ ಹಂಬಲ. ಹಿಂದೆ ಅದಕ್ಕಾಗಿ ಅವನು ಗ್ರಹಗತಿಯನ್ನು ನೋಡಿದ, ಶಕುನವನ್ನು ಕೇಳಿದ. ಇಂದು ರೋಗಿಯ ರಕ್ತವೇ ಮುಂದಿನ ಮಾತನ್ನು ಆಡತೊಡಗಿದೆ. ಆ ಮಾತನ್ನು ಕೇಳುವ ಹಕ್ಕು ಯಾರದು, ಹೇಳುವವರ ಹೊಣೆ ಎಂಥದು? ಶ್ವಾಸಕೋಶದ ಕ್ಯಾನ್ಸರನ್ನು ನಿದರ್ಶನವಾಗಿಟ್ಟುಕೊಂಡು ವಾಚಕರು ಇದನ್ನು ನಮ್ಮೊಡನೆ ವಿಚಾರಿಸಬೇಕು.

ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳು ಕೆಲವು ಪ್ರೋಟೀನುಗಳನ್ನು ಮಿತಿಮೀರಿ ಉತ್ಪಾದಿಸುತ್ತವೆ. ಅವುಗಳಲ್ಲಿ ಕೆಲವು ರಕ್ತವನ್ನೂ ಸೇರುತ್ತವೆ. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ದೊಡ್ಡ ಕರುಳಿನ ಗೆಡ್ಡೆಯಲ್ಲಿ ಸಿ.ಇ.ಎ. ಎಂಬುದನ್ನು ಗುರುತಿಸಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿಯೂ ಅದು ಏರುವುದುಂಟೆಂದು ಅನಂತರ ತಿಳಿಯಿತು. ಸೈಫ್ರಾ 21-1 ಎಂಬುದು ಜೀವಕೋಶದ ಒಳಹಂದರಕ್ಕೆ ಸೇರಿದ ಪ್ರೋಟೀನೊಂದರ ತುಣುಕು. ಗೆಡ್ಡೆಯ ಕೋಶಗಳು ನಾಶವಾದಾಗ ಅದು ರಕ್ತಕ್ಕೆ ಬೀಳುತ್ತದೆ. ಇವುಗಳ ಪ್ರಮಾಣ ಬಹಳ ಹೆಚ್ಚಿದ್ದವರಲ್ಲಿ ರೋಗದ ಗತಿ ಸಾಮಾನ್ಯವಾಗಿ ತೀವ್ರವಾಗಿರುತ್ತದೆ. ಆದರೆ ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿ.ಇ.ಎ. ಏರಬಹುದು, ಮೂತ್ರಪಿಂಡ ಕೆಟ್ಟವರಲ್ಲಿ ಸೈಫ್ರಾ ಏರಬಹುದು.

ಇನ್ನೊಂದು ಬಗೆಯ ಸೂಚಕವಿದೆ. ಪಿಡಿ-ಎಲ್1 ಎಂಬ ಪ್ರೋಟೀನು ಗೆಡ್ಡೆಯ ಕೋಶಗಳ ಮೇಲೆ ಕುಳಿತು ದೇಹದ ರಕ್ಷಣಾಶಕ್ತಿಯನ್ನು ತಡೆಯುತ್ತದೆ. ಅರ್ಧ ಪಾಲು ಅಥವಾ ಅದಕ್ಕೂ ಹೆಚ್ಚು ಕೋಶಗಳಲ್ಲಿ ಅದು ಕಂಡುಬಂದರೆ, ಕೆಲವು ಬಗೆಯ ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿಗೆ ಪೆಂಬ್ರೊಲಿಜುಮಾಬ್ ಔಷಧವನ್ನೇ ಮೊದಲ ಚಿಕಿತ್ಸೆಯಾಗಿ ಕೊಡಲು ಅಮೆರಿಕವು 2016ರಲ್ಲಿ ಅನುಮತಿಸಿತು. ಈ ಅರಿವು ದಾರಿಯನ್ನು ತೋರುತ್ತದೆ; ಮೊದಲಿನದು ಉಳಿದ ದೂರವನ್ನಷ್ಟೇ ಅಂದಾಜು ಮಾಡುತ್ತದೆ. ದಾರಿಯನ್ನು ತೋರುವ ಅರಿವನ್ನು ರೋಗಿಯಿಂದ ಮುಚ್ಚಿಡುವುದಕ್ಕೆ ನೀತಿಯಲ್ಲಿ ಆಸ್ಪದವಿಲ್ಲ. ದೂರವನ್ನು ಹೇಳುವ ಅರಿವಿನ ವಿಷಯದಲ್ಲಿಯೇ ಧರ್ಮಸಂಕಟ.

ಆ ಅಂದಾಜು ನಿಜವಾಗಿ ಏನನ್ನು ಹೇಳುತ್ತದೆ? ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪದರದ ವಿರಳವಾದೊಂದು ಕ್ಯಾನ್ಸರ್ ಕಾಣಿಸಿತು. ಅಂಥ ರೋಗಿಗಳ ಮಧ್ಯಕ ಆಯುಸ್ಸು ಎಂಟು ತಿಂಗಳೆಂದು ಗ್ರಂಥಗಳು ಹೇಳುತ್ತಿದ್ದವು. ಅವರು ಯೋಚಿಸಿದರು: ಅರ್ಧ ಜನ ಎಂಟು ತಿಂಗಳೊಳಗೆ ತೀರಿಕೊಂಡರೆ, ಉಳಿದರ್ಧ ಜನ ಅದನ್ನು ದಾಟಿ ಬದುಕುತ್ತಾರೆ, ಕೆಲವರು ಬಹು ದೂರ ಸಾಗುತ್ತಾರೆ. ಅವರು ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಹೀಗಾಗುವುದೆಂದು ಭರವಸೆ ಕೊಡುವುದು ವಂಚನೆ. ಆದರೆ ಸಮೂಹದ ಲೆಕ್ಕವನ್ನು ಒಬ್ಬನ ಹಣೆಬರಹವೆಂದು ಓದಿಹೇಳುವುದೂ ಅಸತ್ಯವೇ.

ರೋಗಿಯ ಮನೆಯವರು ನಮ್ಮಲ್ಲಿಗೆ ಬಂದು, "ಬುದ್ಧೀ, ಅವರಿಗೆ ಹೇಳುವುದೋ ಬೇಡವೋ?" ಎಂದು ಕೇಳುವುದುಂಟು. ಈ ಅಳುಕು ನಮ್ಮ ನಾಡಿನದಷ್ಟೇ ಅಲ್ಲ. 1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ವೈದ್ಯರು ಕ್ಯಾನ್ಸರೆಂದು ರೋಗಿಗೆ ತಿಳಿಸದಿರುವುದೇ ಲೇಸೆಂದಿದ್ದರು. 1979ರ ಸಮೀಕ್ಷೆಯಲ್ಲಿ ತೊಂಬತ್ತೇಳು ಮಂದಿ ತಿಳಿಸಬೇಕೆಂದರು. ಮುಚ್ಚಿಡುವುದರಲ್ಲಿ ಪ್ರೀತಿಯಿದೆ, ನಿಜ. ಆದರೆ ಅದರ ಬೆಲೆಯನ್ನು ತೆರುವವನು ರೋಗಿ. ಸಾಲದ ಲೆಕ್ಕ, ಹೊಲಮನೆಯ ವ್ಯವಸ್ಥೆ, ಮುನಿದ ತಮ್ಮನೊಡನೆ ಆಡಬೇಕಾದ ಮಾತು ಇವೆಲ್ಲ ಅವನ ಕೆಲಸಗಳು. ಕಾಲ ಕಿರಿದೆಂದು ಅರಿಯದವನು ಅವನ್ನು ನಾಳೆಗೆ ಸರಿಸುತ್ತಾನೆ. ಬಾಗಿಲಾಚೆಯ ಪಿಸುಮಾತಿನಿಂದ ಅವನು ಹೇಗೂ ಊಹಿಸುತ್ತಾನೆ. ಊಹಿಸಿದ್ದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರುವುದಿಲ್ಲ.

ಆದುದರಿಂದ ಮುನ್ನರಿವು ರೋಗಿಯ ಸೊತ್ತು. ವೈದ್ಯರೂ ಬಂಧುಗಳೂ ಅದರ ಪಾಲಕರು ಮಾತ್ರ. ಸೊತ್ತಿನ ಒಡೆಯನನ್ನು ಮೊದಲು ಕೇಳಬೇಕು: "ಎಷ್ಟನ್ನು ತಿಳಿಯಲು ಬಯಸುತ್ತೀರಿ?" ಬೇಡವೆಂದರೆ ಬಲವಂತ ಸಲ್ಲದು. ಬೇಕೆಂದರೆ ಒಂದೇ ಅಂಕಿಯನ್ನು ಎಸೆದುಬಿಡದೆ, ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಿ, ಮಾಡಬಹುದಾದ ಚಿಕಿತ್ಸೆಯನ್ನೂ ನೋವಿನ ಉಪಶಮನವನ್ನೂ ವಿವರಿಸಬೇಕು. ಹೇಳಿದ ಮೇಲೆ ಎದ್ದುಹೋಗದೆ, ಅವನ ಪಕ್ಕದಲ್ಲಿ ಕುಳಿತಿರಬೇಕು. ವಾಚಕರ ಮನೆಯಲ್ಲಿ ಇಂಥ ಸಂದರ್ಭ ಬಾರದಿರಲಿ. ಬಂದರೆ ಮೊದಲ ಮಾತು ರೋಗಿಯೊಡನೆಯೇ ಆಗಲಿ.