ಯಂತ್ರ ಹೇಳಿದ ಸೊನ್ನೆ

ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಸಿಕ್ಕಿತೆಂದರೆ ಸಾಕು, ‘ಇದೇನು ಗಣಿತವೇ, ಕಂಪ್ಯೂಟರ್ ಕೊಟ್ಟ ವರದಿ’ ಎನ್ನುವವರು ಇದ್ದೇ ಇರುತ್ತಾರೆ. ನನಗೆ ಈ ಮಾತು ಕಿರಿಕಿರಿ. 2ರ 13,62,79,841ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆಯನ್ನೇ ನೋಡಿ. 2024ರಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಅದರಲ್ಲಿ 4,10,24,320 ಅಂಕಿಗಳಿವೆ. ಸಂಖ್ಯೆಗಳು ಪ್ಲೇಟೋನ ಲೋಕದಲ್ಲಿವೆಯೋ ನಮ್ಮ ತಲೆಯಲ್ಲಿವೆಯೋ ಎಂಬ ಹಳೇ ಜಗಳ ಇಲ್ಲಿ ಬೇಡ. ಅದು ಹೇಗೆ ತೀರಿದರೂ ಈ ಸಂಖ್ಯೆಯನ್ನು ಒಡೆಯಲು ಬರುವುದಿಲ್ಲ. ಉತ್ತರಿಸಬೇಕಾದ್ದು ತತ್ವಜ್ಞಾನಿ ಥಾಮಸ್ ಟಿಮೋಚ್ಕೊ ಅವರಿಗೆ. ನಾಲ್ಕು ಬಣ್ಣಗಳ ಪ್ರಮೇಯವನ್ನು 1976ರಲ್ಲಿ ಕಂಪ್ಯೂಟರ್ ನೆರವಿನಿಂದ ಸಾಧಿಸಿದ್ದರ ಬಗ್ಗೆ 1979ರಲ್ಲಿ ಬರೆಯುತ್ತಾ, ಮನುಷ್ಯ ಪೂರ್ತಿ ಓದಿ ನೋಡಲಾಗದ ಸಾಧನೆಯನ್ನು ಒಪ್ಪಿಕೊಂಡರೆ ಗಣಿತದೊಳಗೆ ಪ್ರಯೋಗವನ್ನು ಬಿಟ್ಟುಕೊಂಡಂತೆ ಎಂದು ಅವರು ವಾದಿಸಿದರು.

2ರ ಘಾತದಿಂದ 1 ಕಳೆದರೆ ಬರುವ ಇಂಥ ಸಂಖ್ಯೆಗಳಿಗಿರುವ ಲೂಕಾ–ಲೆಹ್ಮರ್ ಪರೀಕ್ಷೆ ಬಲು ಸರಳ. 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. 127ಕ್ಕೆ, ಅಂದರೆ 2ರ 7ನೇ ಘಾತದಿಂದ 1 ಕಳೆದದ್ದಕ್ಕೆ, ಕಾಗದದ ಮೇಲೆ ಮಾಡಿದರೆ 4, 14, 67, 42, 111, ಆಮೇಲೆ 0. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಐದನೇ ಹೆಜ್ಜೆಗೆ ಸೊನ್ನೆ ಬಂತು, ಅಲ್ಲಿಗೆ 127 ಅವಿಭಾಜ್ಯ. ಸೊನ್ನೆಗೆ ಈ ಅರ್ಥ ಏಕೆ ಎನ್ನುವುದಕ್ಕೆ ಯಾರಾದರೂ ಓದಬಹುದಾದ ಸಾಧನೆಯಿದೆ. ಯಂತ್ರ ಹೇಳುವುದು ಸೊನ್ನೆ ಬಂತು ಎಂದಷ್ಟೇ. ಹಾಗಿದ್ದರೆ ಕೈಲೆಕ್ಕ ಮಾತ್ರ ಪವಿತ್ರವೇ? ಇಂಥ ಅವಿಭಾಜ್ಯಗಳದ್ದೆಂದು ಮರ್ಸೆನ್ 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ 67 ಇತ್ತು; ಆ ಸಂಖ್ಯೆ ಅವಿಭಾಜ್ಯವಲ್ಲವೆಂದು 1876ರಲ್ಲಿ ತೋರಿಸಿದ್ದು ಲೂಕಾ. ಮನುಷ್ಯನ ಲೆಕ್ಕವೂ ಒಂದು ಸಾಕ್ಷಿಯೇ, ಸಾಕ್ಷಿ ತಪ್ಪಬಹುದು.

ಆದರೆ ಟಿಮೋಚ್ಕೊ ಇಷ್ಟಕ್ಕೇ ಸೋಲುವವರಲ್ಲ. ಕೈಲೆಕ್ಕದಲ್ಲಿ ಅನುಮಾನ ಬಂದ ಸಾಲನ್ನು ತಿದ್ದಬಹುದು. ಡ್ಯುರಾಂಟ್ ಸಂಖ್ಯೆಗಿರುವುದು 13,62,79,839 ಹೆಜ್ಜೆ, ಮೊದಲ ಕೆಲವನ್ನು ಬಿಟ್ಟರೆ ಒಂದೊಂದರ ಶೇಷವೂ ಕೋಟಿಗಟ್ಟಲೆ ಅಂಕಿಯದು. ಅಂಥ ಒಂದೇ ಒಂದು ಹೆಜ್ಜೆಯನ್ನೂ ಕೈಯಲ್ಲಿ ಮಾಡಿ ಮುಗಿಸುವ ಮಾತಿಲ್ಲ. ಯಂತ್ರವೂ ಎಡವುತ್ತದೆ: ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷ 1994ರಲ್ಲಿ ಬಯಲಾದದ್ದೇ ಅವಳಿ ಅವಿಭಾಜ್ಯಗಳ ಲೆಕ್ಕ ಮಾಡುತ್ತಿದ್ದ ಥಾಮಸ್ ನೈಸ್ಲಿ ಅವರಿಂದ. ಅದಕ್ಕೇ ಬೇರೆ ಬೇರೆ ಯಂತ್ರ, ಬೇರೆ ಬೇರೆ ಪ್ರೋಗ್ರಾಮುಗಳಲ್ಲಿ ಮತ್ತೆ ಲೆಕ್ಕ ಹಾಕಿಸುತ್ತಾರೆ. ಎಲ್ಲವೂ ಒಂದೇ ತಪ್ಪನ್ನು ಮಾಡುವುದು ಅಸಂಭವವೆಂಬ ಈ ಭರವಸೆ ತರ್ಕದ್ದಲ್ಲ, ಪ್ರಯೋಗಶಾಲೆಯದು. ಇಷ್ಟನ್ನು ಬಿಟ್ಟುಕೊಡಲೇಬೇಕು.

ಆದರೂ ಒಂದು ಸಂಗತಿ ಉಳಿಯುತ್ತದೆ. ಡ್ಯುರಾಂಟ್ ಸಂಖ್ಯೆ ಮೊದಲು ಪಾಸಾದದ್ದು ಫರ್ಮಾ ಬಗೆಯ ಪರೀಕ್ಷೆಯಲ್ಲಿ. ಅದನ್ನು ಪಾಸು ಮಾಡಿಯೂ ಅವಿಭಾಜ್ಯವಾಗದ ಸಂಖ್ಯೆಗಳು ತೀರಾ ಅಪರೂಪ. ಆದರೂ ಅದನ್ನು ‘ಬಹುಶಃ ಅವಿಭಾಜ್ಯ’ ಎಂದಷ್ಟೇ ಕರೆದು, ಲೂಕಾ–ಲೆಹ್ಮರ್ ಮುಗಿಯುವವರೆಗೆ ಕಾದರು. ಬರೀ ಸಂಭವನೀಯತೆಯೇ ಸಾಕಾಗಿದ್ದರೆ ಕಾಯುವುದೇಕೆ? ಒಂದರಲ್ಲಿ ವಿಧಾನಕ್ಕೇ ತೂತಿದೆ, ಇನ್ನೊಂದರಲ್ಲಿ ತೂತಿದ್ದರೆ ಅದು ತಾಮ್ರ ಸಿಲಿಕಾನಿನಲ್ಲಿ. ಈ ವ್ಯತ್ಯಾಸ ದೊಡ್ಡದೆಂದೇ ನನ್ನ ವಾದ. ಆದರೆ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದಷ್ಟೇ ಕೇಳುವವನಿಗೆ ಎರಡು ತೂತುಗಳಲ್ಲಿ ಯಾವುದು ಚಿಕ್ಕದೆಂಬುದೇ ಮುಖ್ಯ, ಮತ್ತು ಆ ಅಳತೆಯಲ್ಲಿ ವಿಧಾನದ ತೂತೇ ಚಿಕ್ಕದಾಗಿದ್ದರೆ ಅವನಿಗೆ ಏನು ಹೇಳಬೇಕೋ ನನಗೆ ತಿಳಿಯದು.