ಕರಗಿದ ಮೇಣದ ಋಣ

ನವರಾತ್ರಿಯಲ್ಲಿ ದೇವರ ಮನೆಯ ಪಂಚಲೋಹದ ವಿಗ್ರಹವನ್ನು ತೊಳೆದು, ಗಂಧಾಕ್ಷತೆಗಳಿಂದ ಅರ್ಚಿಸುತ್ತೇವೆ. ಅದೇ ರೂಪದ ಇನ್ನೊಂದು ವಿಗ್ರಹವು ಮೊದಲು ಮೇಣದಲ್ಲಿದ್ದು, ಇದಕ್ಕಾಗಿ ಕರಗಿಹೋಯಿತೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ.

ಕಳೆದ ವರ್ಷ ಚೆನ್ನೈನಿಂದ ಕುಂಭಕೋಣಕ್ಕೆ ಯಾತ್ರೆ ಹೋದಾಗ ಸಮೀಪದ ಸ್ವಾಮಿಮಲೈಯಲ್ಲಿ ಸ್ಥಪತಿಗಳ ಎರಕದ ಕೆಲಸವನ್ನು ತಾಯಿಯವರೊಡನೆ ನೋಡಿದೆನು. ಜೇನುಮೇಣಕ್ಕೆ ರಾಳವನ್ನೂ ಎಣ್ಣೆಯನ್ನೂ ಬೆರೆಸಿ ಮೂರ್ತಿಯನ್ನು ತಿದ್ದುತ್ತಾರೆ. ತೆಂಗಿನ ಗರಿಯ ಸೀಳನ್ನು ಮಡಿಸಿ ಅಂಗಾಂಗಗಳ ಪ್ರಮಾಣವನ್ನು ಅಳೆಯುತ್ತಾರೆ. ಅದರ ಮೇಲೆ ಕಾವೇರಿಯ ನುಣುಪಾದ ಮೆಕ್ಕಲು ಮಣ್ಣಿನ ಲೇಪ. ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ನದಿಯು ಅಲ್ಲಿ ದೇವರಿಗೆ ಗರ್ಭವಾಗುತ್ತಾಳೆ. ಮಣ್ಣು ಒಣಗಿದ ಬಳಿಕ ಬೆಂಕಿಯ ಕಾವಿಗೆ ಮೇಣವೆಲ್ಲ ಕರಗಿ ಹೊರಗೆ ಹರಿಯುತ್ತದೆ. ಅದು ಬಿಟ್ಟುಹೋದ ಬರಿದಾದ ಎಡೆಯನ್ನು ಲೋಹದ್ರವವು ತುಂಬುತ್ತದೆ. ತಣಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಆ ಅಚ್ಚಿನಿಂದ ಮತ್ತೊಂದು ಮೂರ್ತಿ ಹುಟ್ಟಲಾರದು.

ಮಧೂಚ್ಛಿಷ್ಟ ವಿಧಾನವೆಂಬ ಈ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಮೇಣವನ್ನು ಮೊದಲು ತೂಗಿ, ಆ ತೂಕಕ್ಕನುಗುಣವಾಗಿ ಲೋಹವನ್ನು ನಿರ್ಧರಿಸಬೇಕೆಂಬ ವಿಧಿಯೂ ಅಲ್ಲಿದೆ. ಬ್ಯಾಂಕಿನ ಲೆಕ್ಕದ ನಡುವೆ ಆಯುಷ್ಯ ಸವೆಸುತ್ತಿರುವ ನನಗೆ ಈ ವಿಧಿ ಬಹಳ ಹಿಡಿಸಿತು.

“ಮೇಣದ ತ್ಯಾಗದಿಂದ ದೇವರು ಮೂಡುತ್ತಾನೆ, ನೋಡಮ್ಮಾ,” ಎಂದೆ.

“ಮೇಣವನ್ನು ಯಾರು ಕೇಳಿದರಪ್ಪಾ?” ಎಂದರು ತಾಯಿ.

ನಾನು ನಿರುತ್ತರನಾದೆ. ನನ್ನ ನೌಕರಿಗಾಗಿ ಅವರು ತುಂಗಾತೀರದ ಮನೆ, ಹಿತ್ತಿಲು, ನೆರೆಹೊರೆ ಎಲ್ಲವನ್ನೂ ತೊರೆದು ಮಹಾನಗರದ ಎರಡು ಕೋಣೆಗಳಿಗೆ ಬಂದವರು. ಅವರ ತ್ಯಾಗವನ್ನು ನಾನು ಹತ್ತಾರು ಸಲ ಕೊಂಡಾಡಿದ್ದೆ; ಅವರ ಇಚ್ಛೆಯನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ತ್ಯಾಗವೆಂಬ ಪದವನ್ನು ನಾವು ಎಷ್ಟು ಸುಲಭವಾಗಿ ಬಳಸುತ್ತೇವೆ! ತಾನೇ ಮನಸ್ಸಾರೆ ಬಿಟ್ಟುಕೊಟ್ಟದ್ದು ತ್ಯಾಗ. ತಿಂಗಳುಗಟ್ಟಲೆ ಉಳಿ ಹಿಡಿದು ರೂಪಿಸಿದ ಮೂರ್ತಿಗೆ ತಾನೇ ಕೈಮುಗಿದು, ಅದನ್ನು ಪರರ ಪೂಜೆಗೆ ಒಪ್ಪಿಸುವ ಸ್ಥಪತಿಯಲ್ಲಿ ಆ ಗುಣವಿದೆ. ಆದರೆ ನಮ್ಮ ಏಳಿಗೆಗಾಗಿ ಇನ್ನೊಬ್ಬರು ಕರಗಬೇಕಾಗಿ ಬಂದರೆ ಅದು ನಮ್ಮ ಮೇಲಿನ ಋಣ. ಋಣವನ್ನು ತ್ಯಾಗವೆಂದು ಹೊಗಳಿದ ಮಾತ್ರಕ್ಕೆ ಅದು ಸಂದಾಯವಾಗುವುದಿಲ್ಲ. ಹಾಗೆ ಹೊಗಳುವವನು ಸಾಲದ ಪುಟವನ್ನು ಹೂವಿನಿಂದ ಮುಚ್ಚಿಟ್ಟವನಷ್ಟೆ.

ಮನೆಗೆ ಮರಳಿದ ಮೇಲೆ ಕೇಳಿದೆ: “ನಿಮಗೇನು ಬೇಕಮ್ಮಾ?” ಬಹಳ ಹೊತ್ತು ಸುಮ್ಮನಿದ್ದು, “ಒಂದು ದಸರೆ ಊರಿನಲ್ಲಿ ಆಗಬೇಕಿತ್ತು,” ಎಂದರು.

ಈ ಸಲ ರೈಲಿನ ಟಿಕೆಟ್ಟುಗಳನ್ನು ತೆಗೆಸಿದ್ದೇನೆ. ಋಣ ಇದರಿಂದ ತೀರದು. ಕರಗಿದ್ದರ ತೂಕವನ್ನು ತಡವಾಗಿಯಾದರೂ ಬರೆದುಕೊಂಡಂತಾಯಿತು, ಅಷ್ಟೆ.